ಬಾಡಿಗೆ ಅವರಿಗೆ, ಬಿಲ್ಲು ನಮಗೆ

ಜೂನ್ ಬಂತೆಂದರೆ ಪುತ್ತೂರಿನ ದರ್ಬೆ, ಬೊಳುವಾರು, ನೆಹರೂನಗರ, ಸುಳ್ಯದ ಕುರುಂಜಿಭಾಗ್, ಗಾಂಧಿನಗರ, ಕಡಬ ಪೇಟೆ, ಸುಬ್ರಹ್ಮಣ್ಯದ ಆಸುಪಾಸು ಎಲ್ಲ ಕಡೆ ರೂಮು ಹುಡುಕುವವರ ಓಡಾಟ ಶುರುವಾಗುತ್ತದೆ. ಡಿಗ್ರಿಗೆ ಸೇರಿದವರು, ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಮೊದಲ ಕೆಲಸ ಸಿಕ್ಕಿದವರು, ಪರೀಕ್ಷೆಗೆ ಓದಲೆಂದು ಮನೆ ಬಿಟ್ಟು ಪೇಟೆಗೆ ಬಂದವರು. ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಬೇಸಿಗೆಯಲ್ಲಿ ನೀರು ಉಂಟಾ? ಬೈಕ್ ಇಡಲು ಜಾಗ ಉಂಟಾ? ಎಲ್ಲ ಮುಗಿದ ಮೇಲೆ ಮನೆಯವರು ಒಂದು ಮಾತು ಸೇರಿಸುತ್ತಾರೆ: "ಕರೆಂಟು ಬಿಲ್ಲು ಮಾತ್ರ ನಿಮ್ಮದೇ ಆಯ್ತಾ."

ನಾವು ತಲೆಯಾಡಿಸುತ್ತೇವೆ. ಆ ಬಿಲ್ಲು ತಿಂಗಳಿಗೆ ಎಷ್ಟು ಬರಬಹುದು, ಯಾಕೆ ಅಷ್ಟು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಬರೆದಿಟ್ಟ ಕಾಗದ ಯಾರ ಬಳಿಯೂ ಇಲ್ಲ.

ಅಂಥ ಕಾಗದ ಇರುವ ದೇಶಗಳೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರ ಅಕ್ಟೋಬರ್‌ನಿಂದ, ಮನೆ ಬಾಡಿಗೆಗೆ ಕೊಡುವ ಮಾಲೀಕರು ಬರುವ ಬಾಡಿಗೆದಾರನಿಗೆ 'ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್' ತೋರಿಸಲೇಬೇಕು. ತರಬೇತಿ ಪಡೆದ ಪರಿಶೀಲಕರೊಬ್ಬರು ಬಂದು ಗೋಡೆ, ಮಾಡು, ಕಿಟಕಿ, ನೀರು ಕಾಯಿಸುವ ವ್ಯವಸ್ಥೆ, ದೀಪ ಎಲ್ಲವನ್ನೂ ನೋಡಿ ಮನೆಗೆ 'ಎ'ಯಿಂದ 'ಜಿ'ವರೆಗೆ ಒಂದು ದರ್ಜೆ ಕೊಡುತ್ತಾರೆ. 10 ವರ್ಷಕ್ಕೆ ಆ ಪತ್ರ ನಡೆಯುತ್ತದೆ. 2018ರಿಂದ ನಿಯಮ ಇನ್ನೂ ಬಿಗಿಯಾಯಿತು. 'ಇ' ದರ್ಜೆಗಿಂತ ಕೆಳಗಿನ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆದಾರರು ಇರುವ ಮನೆಗೂ ಇದೇ ನಿಯಮ. ತಪ್ಪಿದರೆ 5,000 ಪೌಂಡ್‌ವರೆಗೆ ದಂಡ. ಫ್ರಾನ್ಸ್‌ನಲ್ಲಿ 2025ರ ಜನವರಿಯಿಂದ ಕೊನೆಯ ದರ್ಜೆಯಾದ 'ಜಿ' ಮನೆಗಳಿಗೆ ಹೊಸ ಬಾಡಿಗೆ ಕರಾರು ಮಾಡುವಂತಿಲ್ಲ.

ಅವರದು ಚಳಿಯ ದೇಶ, ಮನೆ ಬೆಚ್ಚಗಿಡುವ ಖರ್ಚು ದೊಡ್ಡದು. ನಮಗೂ ಅದಕ್ಕೂ ಏನು ಸಂಬಂಧ ಎನ್ನಬಹುದು. ಆದರೆ ಅವರು ಕಾನೂನು ಮಾಡಿದ್ದು ಚಳಿಗೆ ಹೆದರಿ ಮಾತ್ರ ಅಲ್ಲ. ಬಾಡಿಗೆ ಮನೆಯಲ್ಲಿ ಇರುವ ಒಂದು ಗಂಟನ್ನು ಬಿಡಿಸುವುದಕ್ಕೆ. ಆ ಗಂಟು ನಮ್ಮಲ್ಲೂ ಉಂಟು.

ಗಂಟು ಎಲ್ಲಿದೆ?

ಸ್ವಂತ ಮನೆ ಕಟ್ಟುವವರು ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಫ್ಯಾನ್ ಹಾಕಿದರೆ, ಆ ದುಡ್ಡು ಬಿಲ್ಲಿನ ಉಳಿತಾಯದ ರೂಪದಲ್ಲಿ ಅವರಿಗೇ ವಾಪಸ್ ಬರುತ್ತದೆ. ಬಾಡಿಗೆ ಮನೆಯಲ್ಲಿ ಹಾಗಲ್ಲ. ಫ್ಯಾನ್ ಯಾವುದು, ಟ್ಯೂಬ್ ಯಾವುದು, ಸ್ನಾನಕ್ಕೆ ನೀರು ಕಾಯುವುದು ಹೇಗೆ, ಟೆರೇಸಿನ ಮೇಲೆ ಶೀಟು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮಾಲೀಕರು. ಬಿಲ್ಲು ಕಟ್ಟುವವರು ನಾವು. ಒಳ್ಳೆಯ ಸಾಮಾನು ಹಾಕಿದರೆ ಮಾಲೀಕರಿಗೆ ಒಂದು ರೂಪಾಯಿ ಲಾಭವಿಲ್ಲ. ನಾವಾಗಿ ಹಾಕೋಣವೆಂದರೆ ಮೂರು ವರ್ಷಕ್ಕೆ ಬಿಟ್ಟುಹೋಗುವ ಮನೆಗೆ ಯಾಕೆ ಎನಿಸುತ್ತದೆ. ಹೀಗೆ ಇಬ್ಬರೂ ಸುಮ್ಮನಿರುತ್ತಾರೆ, ಹಳೆಯ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ.

ಇದರ ಲೆಕ್ಕ ಹಾಕಲು ಎಂಜಿನಿಯರ್ ಆಗಬೇಕಿಲ್ಲ. 1000 ವಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯುನಿಟ್. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತೆಗೆದುಕೊಳ್ಳುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿನಲ್ಲೇ 16 ಯುನಿಟ್ ವ್ಯತ್ಯಾಸ. ಹಳೆಯ 40 ವಾಟಿನ ಟ್ಯೂಬ್ ಚೋಕ್ ಸೇರಿ ಸುಮಾರು 50 ವಾಟ್, ಎಲ್‌ಇಡಿ ಟ್ಯೂಬ್ 20 ವಾಟ್. ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ ಐದೂವರೆ ಯುನಿಟ್‌ನಷ್ಟು ವ್ಯತ್ಯಾಸ. ನಾಲ್ವರು ಸೇರಿ ಮಾಡಿದ ಮನೆಯಲ್ಲಿ ಎರಡು ಫ್ಯಾನ್, ಮೂರು ಟ್ಯೂಬ್ ಇದ್ದರೆ ತಿಂಗಳಿಗೆ ಸುಮಾರು 48 ಯುನಿಟ್ ಸುಮ್ಮನೆ ಹೋಗುತ್ತದೆ. ಯುನಿಟಿಗೆ 6 ರೂಪಾಯಿ ಎಂದಿಟ್ಟುಕೊಂಡರೂ 290 ರೂಪಾಯಿಯ ಹತ್ತಿರ. ಕಾಲೇಜಿನ ಹತ್ತು ತಿಂಗಳಿಗೆ 2,900.

ಸ್ನಾನದ ನೀರಿನದು ಇನ್ನೊಂದು ಕಥೆ. ಊರಿನ ಮನೆಯಲ್ಲಿ ಬಚ್ಚಲಿನ ಹಂಡೆಗೆ ತೆಂಗಿನ ಮಡಲು, ಅಡಿಕೆ ಹಾಳೆ, ಸೌದೆ ಹಾಕಿ ಬೆಂಕಿ ಮಾಡಿದರೆ ಆಯಿತು. ಪೇಟೆಯ ರೂಮಿನಲ್ಲಿ ಬಕೆಟ್ಟಿಗೆ ಇಳಿಬಿಡುವ ರಾಡ್. 1,500 ವಾಟಿನ ರಾಡನ್ನು ನಾಲ್ವರು ತಲಾ ಕಾಲು ಗಂಟೆ ಹಾಕಿದರೆ ದಿನಕ್ಕೆ ಒಂದೂವರೆ ಯುನಿಟ್, ತಿಂಗಳಿಗೆ 45. ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಬೇಸಿಗೆಯಲ್ಲಿ ಇದರ ಹೆಚ್ಚಿನ ಪಾಲು ಉಳಿಯುತ್ತದೆ. ಆದರೆ ಮಾಡು ನಮ್ಮದಲ್ಲ.

ಫ್ರಿಜ್ಜಿಗೆ ಉಂಟು, ಮನೆಗಿಲ್ಲ

ಹಾಗಾದರೆ ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲವೇ? ಅರ್ಧ ಉಂಟು. ಇಂಧನ ಸಂರಕ್ಷಣಾ ಕಾಯಿದೆ ಆದದ್ದು 2001ರಲ್ಲಿ. ಅದರಡಿ 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತೆ ಬ್ಯೂರೋ, ಅಂದರೆ ಬಿಇಇ, ಶುರುವಾಯಿತು. ಫ್ರಿಜ್, ಎ.ಸಿ. ಮೇಲೆ ನಾವು ನೋಡುವ ನಕ್ಷತ್ರದ ಲೇಬಲ್ 2006ರಲ್ಲಿ ಬಂದದ್ದು ಇದರಿಂದ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಲೇಬಲ್ ಕಡ್ಡಾಯ. ಅಂಗಡಿಗೆ ಹೋಗಿ ಫ್ರಿಜ್ ಕೊಳ್ಳುವವನಿಗೆ ಅದು ವರ್ಷಕ್ಕೆ ಎಷ್ಟು ಯುನಿಟ್ ಉಪಯೋಗಿಸುತ್ತದೆ ಎಂದು ಮುಖದ ಮೇಲೇ ಬರೆದಿರುತ್ತದೆ. ಫ್ರಿಜ್ಜಿಗಿಂತ ಎಷ್ಟೋ ಪಟ್ಟು ಹೆಚ್ಚು ದುಡ್ಡು ಕೊಟ್ಟು ಮೂರು ವರ್ಷ ಇರುವ ಬಾಡಿಗೆ ಮನೆಯ ಬಾಗಿಲಿನ ಮೇಲೆ ಏನೂ ಇಲ್ಲ.

ಮನೆಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ಮಾದರಿ ಸಂಹಿತೆ ತಂದಿತು. 2019ರಲ್ಲಿ ಮನೆಗೂ ನಕ್ಷತ್ರ ಕೊಡುವ ಲೇಬಲ್ ಯೋಜನೆ ಬಂತು, ಆದರೆ ಅದು ಇಷ್ಟ ಇದ್ದವರಿಗೆ ಮಾತ್ರ. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ವಾಸದ ಕಟ್ಟಡಗಳೂ ಅದರ ವ್ಯಾಪ್ತಿಗೆ ಬಂದವು. 2023ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆದರೆ ಗೆರೆ ಎಳೆದಿರುವುದು ಎಲ್ಲಿ ಎಂದು ನೋಡಬೇಕು. ಕಟ್ಟಡದ ವಿದ್ಯುತ್ ಸಂಪರ್ಕದ ಹೊರೆ 100 ಕಿಲೋವಾಟ್ ಅಥವಾ ಬೇಡಿಕೆ 120 ಕೆವಿಎ ಇದ್ದರೆ ಮಾತ್ರ. ಪುತ್ತೂರಿನಲ್ಲಿ ಒಂದು ಮೂರು ಮಾಳಿಗೆಯ ಕಟ್ಟಡ, ಅದರಲ್ಲಿ 12 ಬಾಡಿಗೆ ಮನೆ, ಒಂದೊಂದಕ್ಕೆ 3 ಕಿಲೋವಾಟ್ ಎಂದು ಲೆಕ್ಕ ಹಾಕಿ. ಒಟ್ಟು 36. ಗೆರೆಯ ಅರ್ಧದಷ್ಟೂ ಆಗಲಿಲ್ಲ. ಮೂರೂ ತಾಲೂಕುಗಳಲ್ಲಿ ವಿದ್ಯಾರ್ಥಿಗಳು ಇರುವ ಮನೆಗಳು ಹೆಚ್ಚುಕಡಿಮೆ ಎಲ್ಲವೂ ಗೆರೆಯ ಹೊರಗೇ ಉಳಿಯುತ್ತವೆ.

ಗಮನಿಸಬೇಕಾದ ಮಾತೊಂದು ಅದೇ ತಿದ್ದುಪಡಿಯಲ್ಲಿದೆ: ರಾಜ್ಯ ಸರ್ಕಾರ ಬೇಕೆಂದರೆ ಈ ಗೆರೆಯನ್ನು ಕೆಳಗಿಳಿಸಬಹುದು. ಅಂದರೆ ಬಾಗಿಲು ಮುಚ್ಚಿಲ್ಲ, ತಟ್ಟಿದವರಿಲ್ಲ.

ಮಾಡು, ಕಿಟಕಿ, ಸೆಕೆ

ನಮ್ಮ ಊರಿನ ಹಳೆಯ ಮನೆಗಳಿಗೆ ಸರ್ಟಿಫಿಕೇಟ್ ಬೇಕಿರಲಿಲ್ಲ. ದಪ್ಪ ಕೆಂಪು ಕಲ್ಲಿನ ಗೋಡೆ, ಮೇಲೆ ಹಂಚು, ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹಂಚು ಕರಾವಳಿಯ ಮಳೆಗೂ ಸೆಕೆಗೂ ಹೊಂದಿತು. ಈಗಿನ ಬಾಡಿಗೆ ಮನೆ ಹಾಗಲ್ಲ. ತೆಳು ಗೋಡೆ, ಮೇಲೆ ಬರೀ ಕಾಂಕ್ರೀಟ್ ಟೆರೇಸು. ಮಾರ್ಚ್, ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಟೆರೇಸು ರಾತ್ರಿ ಹನ್ನೆರಡಕ್ಕೂ ತಣಿಯುವುದಿಲ್ಲ. ಸೆಮಿಸ್ಟರ್ ಪರೀಕ್ಷೆಗೆ ಓದಲು ಕೂತವರಿಗೆ ಫ್ಯಾನ್ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಅದೇ ಟೆರೇಸಿನ ಮೇಲೆ ಮಳೆಗೂ ಅಡಿಕೆ ಒಣಗಿಸಲಿಕ್ಕೂ ಎಂದು ಶೀಟಿನ ಮಾಡು ಮಾಡಿದ ಮನೆಯ ಕೆಳಗಿನ ರೂಮಿಗೆ ಹೋಗಿ ನೋಡಿ, ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ.

ಇಕೋ ನಿವಾಸ್ ಸಂಹಿತಾ ನಮ್ಮಂಥ ಸೆಕೆ, ತೇವದ ಪ್ರದೇಶಕ್ಕೆ ಒಂದು ಸರಳ ಅಳತೆ ಹೇಳುತ್ತದೆ. ತೆರೆಯಲು ಬರುವ ಕಿಟಕಿ, ಬಾಗಿಲುಗಳ ವಿಸ್ತೀರ್ಣ ಮನೆಯ ಒಳಗಿನ ನೆಲದ ಶೇ 16.66ಕ್ಕಿಂತ ಕಡಿಮೆ ಇರಬಾರದು. ಅಂದರೆ ಆರರಲ್ಲೊಂದು ಪಾಲು. 300 ಚದರ ಅಡಿಯ ಮನೆಗೆ ಹೊರಗಿನ ಗಾಳಿಗೆ ತೆರೆಯುವ 50 ಚದರ ಅಡಿ. ದೊಡ್ಡ ನಿವೇಶನಗಳ ಕಟ್ಟಡಕ್ಕೆಂದು ಮಾಡಿದ ಈ ಅಳತೆ ಸಣ್ಣ ಬಾಡಿಗೆ ಮನೆಗೆ ಕಾನೂನಾಗಿ ಅನ್ವಯಿಸುವುದಿಲ್ಲ. ಆದರೆ ಮನೆ ನೋಡಲು ಹೋದಾಗ ಟೇಪು ಹಿಡಿದು ಅಳೆಯಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ! ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುವಂತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೃಹಜ್ಯೋತಿ ಇದೆಯಲ್ಲ?

"200 ಯುನಿಟ್ ಫ್ರೀ ಉಂಟಲ್ಲ, ಇದೆಲ್ಲ ತಲೆಬಿಸಿ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಾಯಿತು, ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ಎಲ್ಲರಿಗೂ 200 ಯುನಿಟ್ ಎಂಬುದು ತಪ್ಪು ತಿಳಿವಳಿಕೆ. ಆ ಮೀಟರಿನಲ್ಲಿ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅದಕ್ಕೆ ಶೇ 10 ಸೇರಿಸಿದಷ್ಟೇ ಉಚಿತ. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ 53 ಯುನಿಟಿನ ಸರಾಸರಿ ಹಿಡಿದು 58 ಯುನಿಟ್.

ಒಂದು ಮನೆಯಲ್ಲಿ ಆಗ ಗಂಡ, ಹೆಂಡತಿ ಇಬ್ಬರೇ ಇದ್ದು ತಿಂಗಳಿಗೆ 100 ಯುನಿಟ್ ಸುಟ್ಟಿದ್ದರು ಎಂದುಕೊಳ್ಳಿ. ಆ ಮೀಟರಿಗೆ ಉಚಿತ 110. ಈಗ ಅಲ್ಲಿ ನಾಲ್ವರು ಹುಡುಗರು, ರಾಡ್, ಹಳೆಯ ಫ್ಯಾನ್. ಬಳಕೆ 160 ಆದರೆ ಹೆಚ್ಚಿನ 50ಕ್ಕೆ ದುಡ್ಡು. ಸೆಕೆಯ ತಿಂಗಳಲ್ಲಿ 205 ಆಯಿತೋ, ಆ ತಿಂಗಳು ಉಚಿತವೇ ಇಲ್ಲ. 205ಕ್ಕೂ ಬಿಲ್ಲು, ಮೇಲೆ ನಿಗದಿತ ಶುಲ್ಕ, ತೆರಿಗೆ. ಮೇಲೆ ಹೇಳಿದ 48 ಯುನಿಟ್ ಉಳಿಸುವ ಫ್ಯಾನ್, ಟ್ಯೂಬ್ ಇದ್ದರೆ ಅದೇ ಮನೆ 157ಕ್ಕೆ ನಿಲ್ಲುತ್ತಿತ್ತು. ಸಾವಿರದ ಮೇಲಿನ ಬಿಲ್ಲು ಮುನ್ನೂರರ ಆಸುಪಾಸಿಗೆ ಇಳಿಯುತ್ತಿತ್ತು. ಉಚಿತ ವಿದ್ಯುತ್ ಇರುವಾಗಲೇ ಮನೆಯ ದಕ್ಷತೆ ಹೆಚ್ಚು ಮುಖ್ಯ ಆಗುತ್ತದೆ, ಯಾಕೆಂದರೆ ಗೆರೆಯ ಆಚೆ ಈಚೆ ಮಾಡುವುದು ಅದೇ.

ಇನ್ನೆರಡು ವಿಷಯ. ಒಂದೇ ಆರ್.ಆರ್. ನಂಬರಿನಲ್ಲಿ ಮಾಲೀಕರ ಮನೆ, ಮೇಲಿನ ಎರಡು ರೂಮು ಎಲ್ಲ ಇದ್ದರೆ ಎಲ್ಲರಿಗೂ ಸೇರಿ ಒಂದೇ ಸೌಲಭ್ಯ. ಪ್ರತ್ಯೇಕ ಮೀಟರ್ ಇದೆಯೇ ಎಂದು ಮೊದಲೇ ಕೇಳಿ. ಹಾಗೆಯೇ ಮನೆ ಬಿಡುವಾಗ ನಿಮ್ಮ ಆಧಾರ್ ಜೋಡಣೆಯನ್ನು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ. 2024ರಿಂದ ಆ ಅವಕಾಶ ಇದೆ. ಮಾಡದಿದ್ದರೆ ನಿಮಗೆ ಹೊಸ ಮನೆಯಲ್ಲಿ ತೊಂದರೆ, ನಿಮ್ಮ ನಂತರ ಬಂದವರಿಗೆ ಹಳೆಯ ಮನೆಯಲ್ಲಿ ತೊಂದರೆ.

ಈಗಲೇ ಇರುವ ಹಕ್ಕುಗಳು

ದಕ್ಷತೆಯ ಸರ್ಟಿಫಿಕೇಟ್ ಇಲ್ಲದಿದ್ದರೂ ಬಾಡಿಗೆದಾರ ಬರಿಗೈಯಲ್ಲಿಲ್ಲ. 2003ರ ವಿದ್ಯುತ್ ಕಾಯಿದೆಯ 43ನೇ ಸೆಕ್ಷನ್ ಪ್ರಕಾರ ಕಟ್ಟಡದ ಮಾಲೀಕರು ಮಾತ್ರವಲ್ಲ, ಅಲ್ಲಿ ವಾಸ ಇರುವವರು ಅರ್ಜಿ ಹಾಕಿದರೂ ವಿದ್ಯುತ್ ಕಂಪನಿ ಸಂಪರ್ಕ ಕೊಡಬೇಕು. ನಮಗೆ ಆ ಕಂಪನಿ ಮೆಸ್ಕಾಂ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿತು: ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ.

ಸಬ್ ಮೀಟರ್ ಹಾಕಿ ಯುನಿಟಿಗೆ 10, 12 ರೂಪಾಯಿ ಕೇಳುವ ಪದ್ಧತಿ ಕೆಲವು ಕಡೆ ಉಂಟು. ಲೈಸೆನ್ಸ್ ಇಲ್ಲದೆ ವಿದ್ಯುತ್ ವ್ಯಾಪಾರ ಮಾಡುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ಮೆಸ್ಕಾಂ ಬಿಲ್ಲು ತೋರಿಸಿ, ಅದನ್ನು ಯುನಿಟ್ ಲೆಕ್ಕದಲ್ಲಿ ಹಂಚಿಕೊಳ್ಳೋಣ ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಇನ್ನೂ ಕೆಲವು ಒಳ್ಳೆಯ ಅಂಶಗಳಿವೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಜಗಳವಾದರೂ ನೀರು, ಕರೆಂಟು ಕಡಿಯುವಂತಿಲ್ಲ. ವೈರಿಂಗ್ ಬದಲಿಸುವುದು ಮಾಲೀಕರ ಹೊಣೆ, ಸ್ವಿಚ್ಚು, ಸಾಕೆಟ್ ರಿಪೇರಿ ಬಾಡಿಗೆದಾರನ ಹೊಣೆ. ಇದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನು ಮಾಡಿದಾಗಲೇ ಜಾರಿಗೆ ಬರುವುದು. ಆದರೆ ಇದೇ ಹಂಚಿಕೆಯನ್ನು ನಮ್ಮ 11 ತಿಂಗಳ ಕರಾರಿನಲ್ಲಿ ಇಬ್ಬರೂ ಒಪ್ಪಿ ಬರೆದುಕೊಂಡರೆ ಬೇಡ ಎನ್ನುವವರಿಲ್ಲ. ಮಾತಿನಲ್ಲಿ ಬಗೆಹರಿಯದ ತಕರಾರಿಗೆ ಪುತ್ತೂರು, ಸುಳ್ಯದ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು. ವಿದ್ಯುತ್ ದೂರಿಗೆ ಮೆಸ್ಕಾಂನ 1912.

ಮಾಲೀಕರ ಕಡೆಯಿಂದ

ಇಷ್ಟು ಹೇಳಿ ಮಾಲೀಕರನ್ನು ಶತ್ರು ಮಾಡುವುದು ಸರಿಯಲ್ಲ. ನಮ್ಮ ಕಡೆ ಬಾಡಿಗೆಗೆ ಕೊಡುವವರು ದೊಡ್ಡ ಕಂಪನಿಗಳಲ್ಲ. ನಿವೃತ್ತ ಮೇಷ್ಟ್ರು, ಗಂಡನ ಪೆನ್ಷನ್‌ನಲ್ಲಿ ಬದುಕುವ ಅಮ್ಮ, ಹಳದಿ ಎಲೆ ರೋಗದಲ್ಲಿ ತೋಟ ಹಾಳಾಗಿ ಪೇಟೆಯ ಮನೆಯ ಮೇಲೆ ಸಾಲ ಮಾಡಿ ಎರಡು ರೂಮು ಎಬ್ಬಿಸಿದ ಕೃಷಿಕರು. ನಾಳೆಯೇ 'ಇ' ದರ್ಜೆ ತನ್ನಿ ಎಂದರೆ ಅವರು ರೂಮಿಗೆ ಬೀಗ ಹಾಕುತ್ತಾರೆ, ಇಲ್ಲವೇ ಬಾಡಿಗೆ ಏರಿಸುತ್ತಾರೆ. ಇಂಗ್ಲೆಂಡಿನಲ್ಲೂ ಅದಕ್ಕೇ ಮಿತಿ ಇಟ್ಟರು: 3,500 ಪೌಂಡ್‌ವರೆಗೆ ಖರ್ಚು ಮಾಡಿಯೂ ದರ್ಜೆ ಏರದಿದ್ದರೆ ವಿನಾಯಿತಿ ಕೇಳಬಹುದು.

ನಮಗೆ ಬೇಕಾದದ್ದು ಮೊದಲು ದಂಡವಲ್ಲ, ಮಾಹಿತಿ. ಕಳೆದ 12 ತಿಂಗಳ ಬಿಲ್ಲಿನ ಯುನಿಟ್, ಪ್ರತ್ಯೇಕ ಮೀಟರ್ ಇದೆಯೋ ಇಲ್ಲವೋ, ಫ್ಯಾನಿನ ವಾಟ್, ನೀರು ಕಾಯಿಸುವ ವ್ಯವಸ್ಥೆ, ಟೆರೇಸಿನ ಮೇಲೆ ನೆರಳು ಉಂಟೋ, ಶಾಕ್ ತಡೆಯುವ ಇಎಲ್‌ಸಿಬಿ ಉಂಟೋ. ಒಂದು ಪುಟ ಸಾಕು. ಸ್ಥಳೀಯ ಆಡಳಿತ ಬಾಡಿಗೆ ಕಟ್ಟಡಗಳಿಗೆ ಇಷ್ಟನ್ನು ಕೇಳಲು ಶುರು ಮಾಡಿದರೆ ಮಾಲೀಕರಿಗೆ ಖರ್ಚಿಲ್ಲ, ಬಾಡಿಗೆದಾರನಿಗೆ ಕಣ್ಣು ಬರುತ್ತದೆ. ಬಿಲ್ಲು ಕಡಿಮೆ ಬರುವ ಮನೆ ಬೇಗ ಹೋಗುತ್ತದೆ ಎಂದು ಗೊತ್ತಾದರೆ ಮಾಲೀಕರೇ ಮುಂದಿನ ಸಲ ಒಳ್ಳೆಯ ಫ್ಯಾನ್ ತರುತ್ತಾರೆ. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ 3 ಕಿಲೋವಾಟ್ ಸೋಲಾರಿಗೆ 78,000 ರೂಪಾಯಿ ಸಹಾಯಧನವಿದೆ. ಅದನ್ನು ಪಡೆಯಲು ಆಗುವುದು ಮಾಡು ಇದ್ದವರಿಗೆ ಮಾತ್ರ.

ಕೆಲಸ ಹುಡುಕುವವರು ಇದನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಇಂಗ್ಲೆಂಡಿನಲ್ಲಿ ಮನೆ ಪರಿಶೀಲಿಸಿ ದರ್ಜೆ ಕೊಡುವುದೇ ಒಂದು ಉದ್ಯೋಗ. ನಮ್ಮಲ್ಲೂ ಬಿಇಇಯ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ರಾಷ್ಟ್ರೀಯ ಪರೀಕ್ಷೆಗಳಿವೆ. ಮ್ಯಾನೇಜರಿಗೆ ಮೂರು ಪತ್ರಿಕೆ, ಆಡಿಟರಿಗೆ ನಾಲ್ಕು; ಓದಿನ ಜೊತೆ ಕೆಲಸದ ಅನುಭವವೂ ಬೇಕು. ಈಗ ಅವರಿಗೆ ಕೆಲಸ ಹೆಚ್ಚಾಗಿ ಕಾರ್ಖಾನೆ, ದೊಡ್ಡ ಕಟ್ಟಡಗಳಲ್ಲಿ. ಗೆರೆ ಕೆಳಗಿಳಿದು ಸಣ್ಣ ಕಟ್ಟಡಗಳೂ ಲೆಕ್ಕಕ್ಕೆ ಬಂದರೆ ಪುತ್ತೂರು, ಸುಳ್ಯ, ಕಡಬದ ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಊರಲ್ಲೇ ಕೆಲಸ. ಅದಕ್ಕಾಗಿ ಬೆಂಗಳೂರು ಬಸ್ಸು ಹತ್ತಬೇಕಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಪ್ರಶ್ನೆ. ಮನೆ ನೋಡಲು ಹೋದಾಗ ಬಾಡಿಗೆ ಚೌಕಾಸಿ ಮಾಡುವ ಮೊದಲು ಕೇಳಿ: "ಅಂಕಲ್, ಕಳೆದ ವರ್ಷದ ಕರೆಂಟು ಬಿಲ್ಲುಗಳನ್ನು ಒಮ್ಮೆ ನೋಡಬಹುದಾ?" ಒಬ್ಬರು ಕೇಳಿದರೆ ಅವರಿಗೆ ವಿಚಿತ್ರ ಎನಿಸಬಹುದು. ಈ ಜೂನ್‌ನಲ್ಲಿ ಬಂದವರೆಲ್ಲ ಅದನ್ನೇ ಕೇಳಿದರೆ, ಬರುವ ಜೂನ್‌ಗೆ ಬಿಲ್ಲುಗಳು ಮೇಜಿನ ಮೇಲೆ ತಯಾರಿರುತ್ತವೆ.